ಚಿಕ್ಕ ಮಗಳ ಜೊತೆ ಚಿಕ್ಕಮಗಳೂರಿಗೆ

ಸೋದರಿಯರೇ, ಪ್ರವಾಸ ಎಂದ ಕೂಡಲೆ ನಿಮಗೇನು ನೆನಪಾಗುತ್ತದೆ? ಧರ್ಮಸ್ಥಳ, ಶೃಂಗೇರಿ, ಹೊರನಾಡು, ಅಲ್ಲವೇ? ನಮ್ಮ ಕೆಂಕೆರೆಯಿಂದ ಪಡುವಣ ದಿಕ್ಕಿಗೆ ಹೊರಟವರೆಲ್ಲ ಬಹುಮಟ್ಟಿಗೆ ದೇವರ ದರ್ಶನಕ್ಕೆ ಹೊರಟವರೇ. ಹರಕೆ, ಮುಡಿ, ಬುತ್ತಿ, ಬರುವಾಗ ಒಂದಿಷ್ಟು ಕುಂಕುಮ, ಪ್ರಸಾದ. ನಾನೂ ಆ ದಾರಿಯಲ್ಲಿ ನಾಲ್ಕಾರು ಸಲ ಹೀಗೇ ಹೋಗಿ ಬಂದವಳು. ಆದರೆ ಮೊನ್ನೆ ಕಾರ್ತಿಕ ಮಾಸದಲ್ಲಿ ನಾವು ಹೊರಟದ್ದು ಸೈಕಲ್ ಪಂದ್ಯಕ್ಕೆ! ಅದೂ ಬೆಟ್ಟದ ಮೇಲಿನ ಸೈಕಲ್ ಪಂದ್ಯಕ್ಕೆ. ಸ್ಪರ್ಧಿ ನನ್ನ ಚಿಕ್ಕ ಮಗಳು. ಹತ್ತೊಂಬತ್ತು ವರ್ಷ, ಡಿಗ್ರಿ ಎರಡನೇ ವರ್ಷ. ನಗಬೇಡಿ, ಪೂರ್ತಿ ಓದಿ.

ಬೆಟ್ಟಕ್ಕೂ ಸೈಕಲ್ಲಿಗೂ ಏನು ನಂಟು?

ನಮ್ಮ ಕಡೆ ಸೈಕಲ್ಲೆಂದರೆ ಹಾಲಿನ ಡೈರಿಗೆ ಹೋಗುವುದು, ಹಿಂದಿನ ಕ್ಯಾರಿಯರಿಗೆ ಹುಲ್ಲಿನ ಹೊರೆ ಕಟ್ಟಿ ತರುವುದು. ಬೆಟ್ಟ ಹತ್ತಿಸುವ ಸೈಕಲ್ ಹುಟ್ಟಿದ್ದು ಅಮೆರಿಕದ ಪಶ್ಚಿಮ ತುದಿಯಲ್ಲಿ, ಕ್ಯಾಲಿಫೋರ್ನಿಯಾದ ಮರಿನ್ ಎಂಬಲ್ಲಿ. ಅಲ್ಲಿನ ಹುಡುಗರು ಗುಜರಿಗೆ ಬಿದ್ದ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡಕ್ಕೆ ಹೊತ್ತೊಯ್ದು ಮಣ್ಣಿನ ದಾರಿಯಲ್ಲಿ ಕೆಳಗೆ ಬಿಟ್ಟುಕೊಂಡು ಬರುತ್ತಿದ್ದರು. 1976ರಲ್ಲಿ ಅದು ಪಂದ್ಯವೇ ಆಯಿತು. ಆ ಇಳಿಜಾರಿನಲ್ಲಿ ಬ್ರೇಕು ಕಾದು ಒಳಗಿನ ಗ್ರೀಸು ಹೊಗೆಯಾಡಿ ಹೋಗುತ್ತಿತ್ತಂತೆ. ಒಂದು ಸಲ ಇಳಿದರೆ ಮತ್ತೆ ಗ್ರೀಸು ತುಂಬಲೇಬೇಕು. ಹಾಗಾಗಿ ಆ ಪಂದ್ಯದ ಹೆಸರೇ 'ರೀಪ್ಯಾಕ್', ಅಂದರೆ 'ಮತ್ತೆ ತುಂಬು'! 1990ರಲ್ಲಿ ಕೊಲರಾಡೋದ ಡುರಾಂಗೊದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1996ರ ಅಟ್ಲಾಂಟ ಒಲಿಂಪಿಕ್ಸಿಗೆ ಈ ಪಂದ್ಯ ಸೇರಿದಾಗ ಗಂಡಸರಿಗೂ ಹೆಂಗಸರಿಗೂ ಒಟ್ಟಿಗೇ ಸೇರಿತು. ಎಷ್ಟೋ ಆಟಗಳಲ್ಲಿ ಹೆಣ್ಣುಮಕ್ಕಳು ಹತ್ತಾರು ವರ್ಷ ಬಾಗಿಲಲ್ಲಿ ಕಾಯಬೇಕಾಯಿತು. ಇದರಲ್ಲಿ ಹಾಗಾಗಲಿಲ್ಲ ನೋಡಿ.

ಬಳುವಳಿಯ ಮಾತು

ನಮ್ಮ ಹುಡುಗಿ ಸೈಕಲ್ ಕಲಿತದ್ದು ಅವಳಕ್ಕನಿಗೆ ಸರ್ಕಾರಿ ಶಾಲೆಯಲ್ಲಿ ಕೊಟ್ಟ ಸೈಕಲ್ಲಿನಲ್ಲಿ. 2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತಲ್ಲ, ಅದರಿಂದ ಬಂದದ್ದು. ಹುಳಿಯಾರಿಗೆ ಹೋಗಿ ಬರಲಿ ಎಂದು ಕೊಟ್ಟರೆ ಇವಳು ಬೋರನಕಣಿವೆ ಕಡೆಯ ಕಲ್ಲುದಾರಿಗೆಲ್ಲ ಅದನ್ನು ಓಡಿಸಿ ಕಡ್ಡಿ ಮುರಿದುಕೊಂಡು ಬರುತ್ತಿದ್ದಳು. ಕಾಲೇಜು ಸೇರಿದ ಮೇಲೆ ಒಂದು ದಿನ, "ಅಮ್ಮ, ನನಗೆ ಗೇರಿನ ಸೈಕಲ್ ಬೇಕು, ರೇಸಿಗೆ ಹೋಗ್ತೀನಿ" ಎಂದಳು. ಬೆಲೆ ಕೇಳಿ ಎದೆ ಧಸಕ್ಕೆಂದಿತು. ನಮ್ಮ ಅಟ್ಟದ ಮೇಲಿದ್ದ ಕೊಬ್ಬರಿಯ ಮುಕ್ಕಾಲು ಪಾಲು!

ಕೊಬ್ಬರಿ ಎಂದರೆ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಏನೆಂದು ಬೇರೆ ಕಡೆಯ ಸೋದರಿಯರಿಗೆ ಹೇಳಬೇಕು. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಆರಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಹೊತ್ತಿಗೆ ಉಂಡೆ ಕೊಬ್ಬರಿ ಸಿದ್ಧ. ತಿಪಟೂರು ಮಾರುಕಟ್ಟೆಗೆ ಹಾಕಿದ ದಿನವೇ ಮನೆಗೆ ದುಡ್ಡು. ಮದುವೆ, ಓದು, ಆಸ್ಪತ್ರೆ ಎಲ್ಲಕ್ಕೂ ಅದೇ ಅಟ್ಟ. ಅದಕ್ಕೇ ನಮ್ಮತ್ತೆ, "ಆ ಕಾಯಿ ಅವಳ ಮದುವೆಗೆ ಅಂತ ಹಾಕಿರೋದು ಕಣಮ್ಮ. ಸೈಕಲ್ ತಕ್ಕೊಂಡು ಬೆಟ್ಟದಿಂದ ಬಿದ್ದು ಹಲ್ಲು ಮುರ್ಕೊಂಡ್ರೆ ಯಾರು ಕಟ್ಕೋತಾರೆ?" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನನಗೂ ಅದೇ ಭಯ. ಮನೆಯಲ್ಲಿ ಎರಡು ತಿಂಗಳು ಇದೇ ಚರ್ಚೆ. ಕೊನೆಗೆ ಅವಳಪ್ಪ, ಹೊಸದಲ್ಲ, ಯಾರೋ ಬಳಸಿ ಬಿಟ್ಟದ್ದನ್ನು ಅರ್ಧ ಬೆಲೆಗೆ ತಂದುಕೊಟ್ಟರು. "ಒಂದು ಪಂದ್ಯ ನೋಡೋಣ, ಆಮೇಲೆ ಮುಂದಿನ ಮಾತು" ಎಂದು ಕರಾರಾಯಿತು.

ಹೊರಟೆವು

ಬೆಳಗಿನ ಜಾವ ನಾಲ್ಕೂವರೆ. ನನ್ನ ತಮ್ಮನ ಓಮ್ನಿಯ ಹಿಂದಿನ ಸೀಟು ಬಿಚ್ಚಿಟ್ಟು ಸೈಕಲ್ಲಿನ ಎರಡೂ ಗಾಲಿ ತೆಗೆದು ಹಳೆಯ ಕಂಬಳಿಯಲ್ಲಿ ಸುತ್ತಿ ಮಲಗಿಸಿದೆವು. ಬಾಣಂತಿಯನ್ನು ಕರೆದೊಯ್ಯುವಾಗಲೂ ಅಷ್ಟು ನಾಜೂಕು ಮಾಡಿರಲಿಲ್ಲ! ಹುಳಿಯಾರು ದಾಟಿ ಬಾಣಾವರ, ಅಲ್ಲಿಂದ ಕಡೂರು, ಸಖರಾಯಪಟ್ಟಣ, ಚಿಕ್ಕಮಗಳೂರು. ಎಲ್ಲ ಸೇರಿ ನೂರು ಕಿಲೋಮೀಟರಿನ ಆಸುಪಾಸು. ಕಡೂರಿನವರೆಗೂ ಎತ್ತ ನೋಡಿದರೂ ತೆಂಗು, ರಾಗಿ ಹೊಲ, ನಮ್ಮ ಮನೆಯಂಗಳವೇ ಮುಂದುವರಿದ ಹಾಗೆ. ಸಖರಾಯಪಟ್ಟಣ ದಾಟಿದ ಮೇಲೆ ಗಾಳಿ ಬದಲಾಗುತ್ತದೆ. ಎದುರಿಗೆ ನೀಲಿ ಗೋಡೆಯ ಹಾಗೆ ಬಾಬಾಬುಡನ್ ಸಾಲು ಎದ್ದು ನಿಲ್ಲುತ್ತದೆ.

ಈ ಸಖರಾಯಪಟ್ಟಣದ ಬಗ್ಗೆ ಒಂದು ಐತಿಹ್ಯ ಉಂಟು. ಇಲ್ಲಿನ ಪಾಳೆಯಗಾರ ರುಕ್ಮಾಂಗದ ತನ್ನ ಕಿರಿಯ ಮಗಳಿಗೆ ಬಳುವಳಿಯಾಗಿ ಒಂದು ಊರನ್ನೇ ಕೊಟ್ಟನಂತೆ. ಅದೇ ಚಿಕ್ಕ ಮಗಳ ಊರು, ಚಿಕ್ಕಮಗಳೂರು. ಹಿರಿಯವಳಿಗೆ ಕೊಟ್ಟದ್ದು ಪಕ್ಕದ ಹಿರೇಮಗಳೂರು. ಇದನ್ನು ನಾನು ಹೇಳಿದ್ದೇ ತಡ, ಹಿಂದೆ ಸೈಕಲ್ ಪಕ್ಕ ಮುದುಡಿ ಕೂತಿದ್ದವಳು, "ಅವಳಿಗೆ ಊರೇ ಕೊಟ್ರು. ನಾನು ಕೇಳಿದ್ದು ಸೈಕಲ್ ಅಷ್ಟೆ ಕಣಮ್ಮ" ಎಂದಳು. ನನ್ನ ತಮ್ಮ ನಕ್ಕೂ ನಕ್ಕೂ ಸುಸ್ತಾದ. ನನಗೆ ಮಾತ್ರ ಆ ಮಾತು ಒಳಗೆ ನಾಟಿತು. ಬಳುವಳಿ ಎಂದು ನಾವು ಕೊಡುವ ಚಿನ್ನ, ಪಾತ್ರೆ, ಬೀರು ಎಲ್ಲ ಮಗಳ ಹೆಸರಿನಲ್ಲಿ ಹೋಗುತ್ತದೆ. ಆದರೆ ಅದರಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಎಷ್ಟಿರುತ್ತದೆ, ಹೇಳಿ?

ಪಂದ್ಯದ ಬೆಳಿಗ್ಗೆ

ಪಂದ್ಯ ನಡೆದದ್ದು ಊರಾಚೆಯ ಕಾಫಿ ತೋಟಗಳ ನಡುವಿನ ಮಣ್ಣುದಾರಿಯಲ್ಲಿ. ದೂರದಲ್ಲಿ ಮುಳ್ಳಯ್ಯನಗಿರಿ, 1,930 ಮೀಟರ್, ನಮ್ಮ ಕರ್ನಾಟಕದಲ್ಲೇ ಅತಿ ಎತ್ತರದ ಶಿಖರ, ಮಂಜಿನಲ್ಲಿ ಅರ್ಧ ಕಾಣುತ್ತಿತ್ತು. ಯೆಮೆನಿನಿಂದ ಏಳು ಕಾಫಿ ಬೀಜ ತಂದು ಬಾಬಾಬುಡನ್ ಈ ಬೆಟ್ಟದಲ್ಲಿ ಬಿತ್ತಿದರೆಂದು ಹೇಳುತ್ತಾರಲ್ಲ, ಆ ಕಾಫಿಯ ಹಣ್ಣು ಗಿಡದ ತುಂಬ ಕೆಂಪಗೆ ತೂಗುತ್ತಿತ್ತು. ನೋಡಲು ಚೆಂದ. ಆದರೆ ನೆಲ? ಹಿಂದಿನ ರಾತ್ರಿಯ ಮಳೆಗೆ ಎರೆದ ದೋಸೆಯ ಹಿಟ್ಟಿನಂತೆ ಜಾರುತ್ತಿತ್ತು. ಮರದ ಬೇರು, ಬಂಡೆ, ತಿರುವು. ಐದು ಕಿಲೋಮೀಟರಿನ ಸುತ್ತು, ಹುಡುಗಿಯರಿಗೆ ಮೂರು ಸುತ್ತು. ಹನ್ನೊಂದು ಮಂದಿ ಹುಡುಗಿಯರು.

ಮಗಳು ಟೈರಿನ ಗಾಳಿ ಸ್ವಲ್ಪ ಇಳಿಸಿದಳು. "ಅಯ್ಯೋ, ಇರೋ ಗಾಳೀನೂ ತೆಗೀತೀಯಲ್ಲೇ!" ಎಂದೆ. ಗಾಳಿ ಕಡಿಮೆಯಿದ್ದರೆ ಟೈರು ನೆಲಕ್ಕೆ ಅಗಲವಾಗಿ ಕೂರುತ್ತದೆ, ಜಾರುವುದಿಲ್ಲ ಎಂದು ಅವಳೇ ನನಗೆ ಪಾಠ ಹೇಳಿದಳು. ಗೇರಿನ ಲೆಕ್ಕವೂ ಅಷ್ಟೆ. ಸಣ್ಣ ಗೇರಿಗೆ ಹಾಕಿದರೆ ಕಾಲು ಹೆಚ್ಚು ಸಲ ತುಳಿಯಬೇಕು, ಆದರೆ ತುಳಿತ ಹಗುರ.

ತಾಯಂದಿರಿಗೂ ಇಲ್ಲಿ ಕೆಲಸ ಉಂಟು. ಓಡುವವರಿಗೆ ನೀರು, ಆಹಾರ ಕೊಡಲು ಒಂದೇ ಒಂದು ಗೊತ್ತಾದ ಜಾಗ. ಬೇರೆಲ್ಲಿ ಕೊಟ್ಟರೂ ತಪ್ಪು. ನಾನು ಸೆರಗು ಸಿಕ್ಕಿಸಿಕೊಂಡು ಬೆಲ್ಲ, ಉಪ್ಪು, ನಿಂಬೆರಸ ಬೆರೆಸಿದ ನೀರಿನ ಬಾಟಲಿ ಹಿಡಿದು ನಿಂತೆ. ಮೊದಲ ಸುತ್ತಿನಲ್ಲಿ ಆರನೆಯವಳಾಗಿ ಬಂದು ಕೈಯಿಂದ ಬಾಟಲಿ ಕಿತ್ತುಕೊಂಡು ಹೋದಳು. ಎರಡನೇ ಸುತ್ತಿಗೆ ಆರನೆಯವಳು ಬಂದಳು, ಏಳನೆಯವಳು ಬಂದಳು, ಎಂಟನೆಯವಳೂ ಬಂದಳು. ನನ್ನ ಮಗಳಿಲ್ಲ. ಒಂದೊಂದು ನಿಮಿಷವೂ ಒಂದೊಂದು ಗಳಿಗೆ. ಅತ್ತೆಯ ಮಾತು ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಆಮೇಲೆ ತಿರುವಿನಲ್ಲಿ ಕಾಣಿಸಿಕೊಂಡಳು. ಮೈತುಂಬ ಕೆಸರು, ಮೊಣಕೈಯಿಂದ ರಕ್ತ, ಹೆಲ್ಮೆಟ್ಟಿನ ಮೇಲೆ ಒಂದು ಉದ್ದದ ಗೀರು. ಆ ಗೀರು ತಲೆಯ ಮೇಲೆ ಬಿದ್ದಿದ್ದರೆ? ನೆನೆದರೆ ಈಗಲೂ ಕೈ ನಡುಗುತ್ತದೆ.

ಅಲ್ಲಿದ್ದ ಸ್ವಯಂಸೇವಕರು ಮೊಣಕೈ ನೋಡಿ, "ನಿಲ್ಲಿಸ್ತೀಯೇನಮ್ಮ? ಬೇಕಾದರೆ ನಿಲ್ಲಿಸಬಹುದು" ಎಂದು ಕೇಳಿದರು. ಅವಳು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಸಾಕು ಬಾರೇ ಎಂದು ಒಂದು ಮಾತು ನಾನು ಅಂದಿದ್ದರೆ ಇಳಿದು ಬಿಡುತ್ತಿದ್ದಳು ಎಂದು ನನಗೆ ಗೊತ್ತು. ಮನೆಗೆ ಹೋದ ಮೇಲೆ ಸೈಕಲ್ಲನ್ನು ಮಾರಿಬಿಡುವುದೂ ಸುಲಭವಾಗುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳ ಕಣ್ಣಿನಲ್ಲಿ ಅಳು ಇರಲಿಲ್ಲ, ಆತುರ ಇತ್ತು. ಮೊಣಕೈ ಮಡಿಸಿ ಬಿಡಿಸಿ ತೋರಿಸಿದಳು, ಮೂಳೆಗೆ ಏನೂ ಆಗಿರಲಿಲ್ಲ. ನಾನು ಬಾಟಲಿ ಕೈಗೆ ಕೊಟ್ಟು, "ನೋಡ್ಕೊಂಡು ಹೋಗು" ಎಂದೆ. ಹೋದಳು.

ಒಂಬತ್ತನೆಯವಳಾಗಿ ಮುಗಿಸಿದಳು. ಪದಕ ಇಲ್ಲ, ಹಣವಿಲ್ಲ. ಗೆದ್ದವಳು ವಿಜಯಪುರದ ಕಡೆಯ ಹುಡುಗಿ, ನನ್ನ ಮಗಳಿಗಿಂತ ಒಂದು ಗೇಣು ಕುಳ್ಳು, ಗಾಳಿಯ ಹಾಗೆ ಹೋದಳು! ಉತ್ತರ ಕರ್ನಾಟಕದಲ್ಲಿ ಸೈಕಲ್ ಪಂದ್ಯಕ್ಕೆ ಒಳ್ಳೆಯ ನೆಲೆಯಿದೆ. ವಿಜಯಪುರ, ಬಾಗಲಕೋಟೆ ಕಡೆಯ ಕ್ರೀಡಾ ನಿಲಯಗಳಿಂದ, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆಯಿಂದ ರೈತರ ಮಕ್ಕಳೇ ಬಂದು ಗೆಲ್ಲುತ್ತಾರೆ. ಆ ಹುಡುಗಿಯ ತಾಯಿ ನನ್ನ ಪಕ್ಕದಲ್ಲೇ ಬಾಟಲಿ ಹಿಡಿದು ನಿಂತಿದ್ದರು. "ಮೊದಲ ವರ್ಷ ನಮ್ಮಾಕಿ ಕಡೀಕ ಬಂದಿದ್ಳ್ರೀ" ಎಂದರು. ಬುತ್ತಿಯಿಂದ ಒಂದು ಶೇಂಗಾ ಹೋಳಿಗೆ ತೆಗೆದು ನನ್ನ ಮಗಳ ಕೈಗಿಟ್ಟರು.

ಫೋನಿನಲ್ಲಿ ಅತ್ತೆ ಮೊದಲು ಕೇಳಿದ್ದು, "ಬಿದ್ಲಾ?" ಎಂದು. ಹೂಂ ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಮುಗಿಸಿದ್ಲಾ?" ಎಂದರು. ಅದಕ್ಕೂ ಹೂಂ ಎಂದೆ. "ಸರಿ, ಅರಿಶಿನ ಹಚ್ಚು" ಎಂದು ಫೋನ್ ಇಟ್ಟರು. ಡಾಕ್ಟರು ಗಾಯ ತೊಳೆದು ಪಟ್ಟಿ ಕಟ್ಟಿ ಟಿಟಿ ಇಂಜೆಕ್ಷನ್ ಕೊಟ್ಟಿದ್ದರು, ಅರಿಶಿನ ಹಚ್ಚಲಿಲ್ಲ.

ಬರುವಾಗ ಬೇಲೂರು ದಾರಿ

ಹಿಂದಿರುಗುವಾಗ ಬೇಲೂರು, ಹಳೇಬೀಡು, ಜಾವಗಲ್, ಬಾಣಾವರದ ಮೇಲೆ ಬನ್ನಿ. ಜಾವಗಲ್ ಎಂದರೆ ಕ್ರಿಕೆಟ್ಟಿನ ಶ್ರೀನಾಥರ ಹೆಸರಿನೊಂದಿಗಿರುವ ಊರೇ. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದರ್ಪಣ ಸುಂದರಿಯನ್ನು ಎಲ್ಲರೂ ನೋಡುತ್ತಾರೆ. ನೀವು ಕತ್ತೆತ್ತಿ ಬಿಲ್ಲು ಹಿಡಿದ ಬೇಟೆಗಾರ್ತಿಯನ್ನೂ ಹುಡುಕಿ. ಒಂಬೈನೂರು ವರ್ಷದ ಹಿಂದೆಯೇ ಶಿಲ್ಪಿಗೆ ಹೆಣ್ಣಿನ ಕೈಯಲ್ಲಿ ಕನ್ನಡಿಯೂ ಸರಿ, ಬಿಲ್ಲೂ ಸರಿ ಎನಿಸಿತ್ತು! ನನ್ನ ಮಗಳು ಪಟ್ಟಿ ಕಟ್ಟಿದ ಕೈಯನ್ನು ಸೊಂಟಕ್ಕಿಟ್ಟುಕೊಂಡು ಅದರ ಕೆಳಗೆ ಬಹಳ ಹೊತ್ತು ನಿಂತಿದ್ದಳು.

ಮಕ್ಕಳನ್ನು ಕರೆದೊಯ್ಯುವ ಸೋದರಿಯರಿಗೆ ನಾಲ್ಕು ಮಾತು

ಹೆಲ್ಮೆಟ್ಟಿನಲ್ಲಿ ಚೌಕಾಸಿ ಬೇಡ. ಸೈಕಲ್ ಹಳೆಯದಿರಲಿ, ಹೆಲ್ಮೆಟ್ ಹೊಸದಿರಲಿ. ಒಮ್ಮೆ ಜೋರಾಗಿ ಪೆಟ್ಟು ಬಿದ್ದದ್ದನ್ನು ಮತ್ತೆ ಹಾಕಿಸಬೇಡಿ. ನಮ್ಮದನ್ನೂ ಬದಲಾಯಿಸಿದೆವು.

ಪಂದ್ಯದ ಹಿಂದಿನ ರಾತ್ರಿ ಹೋಟೆಲಿನ ಕರಿದ ತಿಂಡಿ ಬೇಡ. ಅನ್ನ, ತಿಳಿಸಾರು, ಬಾಳೆಹಣ್ಣು ಸಾಕು. ಬೆಳಿಗ್ಗೆ ಎರಡು ಮೂರು ಗಂಟೆ ಮುಂಚೆ ಹೊಟ್ಟೆಗೆ ಹಾಕಿ.

ಬುತ್ತಿಗೆ ರಾಗಿ ಹುರಿಹಿಟ್ಟಿನ ಉಂಡೆ ಒಳ್ಳೆಯದು. ಎರಡು ಲೋಟ ಹುರಿಹಿಟ್ಟು, ಒಂದು ಲೋಟ ತುರಿದ ಕೊಬ್ಬರಿ, ಅರ್ಧ ಲೋಟ ಹುರಿದು ತರಿಯಾಗಿ ಕುಟ್ಟಿದ ಕಡಲೆಬೀಜ, ಒಂದು ಲೋಟ ಬೆಲ್ಲ. ಬೆಲ್ಲಕ್ಕೆ ಸ್ವಲ್ಪ ನೀರು ಹಾಕಿ ಕರಗಿಸಿ ಸೋಸಿ, ಒಂದು ಕುದಿ ಬಂದಾಗ ಇಳಿಸಿ. ಉಳಿದದ್ದನ್ನೆಲ್ಲ ಸೇರಿಸಿ, ಏಲಕ್ಕಿ ಪುಡಿ, ಎರಡು ಚಮಚ ತುಪ್ಪ ಹಾಕಿ ಬಿಸಿಯಿರುವಾಗಲೇ ನಿಂಬೆ ಗಾತ್ರಕ್ಕೆ ಕಟ್ಟಿ. ಒಂದೇ ಕೈಯಲ್ಲಿ ಹಿಡಿದು ತಿನ್ನಬಹುದು.

ಕೊನೆಯ ಮಾತು. ಕಾಫಿ ತೋಟದಲ್ಲಿ ಜಿಗಣೆ ಇರುತ್ತದೆ, ಉಪ್ಪಿನ ಪೊಟ್ಟಣ ಸೊಂಟದಲ್ಲಿರಲಿ. ಮತ್ತೆ ನಮ್ಮ ಕರಾರು ಏನಾಯಿತು ಅಂತೀರಾ? ಮುಂದಿನ ಪಂದ್ಯಕ್ಕೆ ಹೆಸರು ಕೊಟ್ಟಾಗಿದೆ. ಮದುವೆಯ ಕಾಯಿ ಅಟ್ಟದ ಮೇಲೇ ಇದೆ, ಇನ್ನೂ ಗಡಗಡ ಎನ್ನುತ್ತಿಲ್ಲ. ಅದು ಒಣಗುವ ತನಕ ಅವಳು ಓಡಲಿ ಎಂದು ಅತ್ತೆಯೇ ಹೇಳಿದ್ದಾರೆ.