ಕುರ್ಚಿಗೂ ಒಂದು ಕಟ್ಟಳೆ ಬೇಕು

ಐರಣಿಯ ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದವರಿಗೆ ಖಾಕಿಯೇ ದೊಡ್ಡ ಕನಸು. ನಸುಕಿನಾಗ ತುಂಗಭದ್ರೆಯ ದಂಡಿಗುಂಟ ಓಡುತ್ತೇವೆ, ರಾತ್ರಿ ಬಾಯಿಪಾಠ ಮಾಡುತ್ತೇವೆ. ಅದಕ್ಕೇ ಪರೀಕ್ಷೆಯ ಮೋಸ ನಮಗೆ ಬರೀ ಸುದ್ದಿಯಲ್ಲ, ಹೊಟ್ಟೆಯ ಮಾತು.

ಸಮವಸ್ತ್ರ ತೊಡುವವರ ಮೋಸಕ್ಕೆ ಬೇರೆ ಕಡೆ ಏನು ಮಾಡುತ್ತಾರೆ? ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಮಾನದ ಕಟ್ಟಳೆಯೊಂದಿದೆ. ಸುಳ್ಳು, ಮೋಸ, ಕಳವು ಕೂಡದು. ಮಾಡಿದವರನ್ನು ಸಹಿಸಲೂ ಕೂಡದು. ಕಂಡೂ ಸುಮ್ಮನಿದ್ದವನು ತಪ್ಪಿತಸ್ಥ. ಪರೀಕ್ಷೆಯ ಮೋಸಕ್ಕಾಗಿ 1951ರಲ್ಲಿ ಹತ್ತಾರು ಕೆಡೆಟ್‌ಗಳು ಹೊರಬಿದ್ದರು. 2020ರ ಗಣಿತ ಪರೀಕ್ಷೆಯಲ್ಲಿ 73 ಮಂದಿಯ ಮೇಲೆ ಆರೋಪ ಬಂತು. 8 ಜನ ಹೊರಗೆ ಹೋದರು, 50ಕ್ಕೂ ಹೆಚ್ಚು ಮಂದಿಗೆ ಒಂದು ವರ್ಷ ಹಿಂದೆ ಬಿದ್ದು ಮತ್ತೆ ಓದುವ ಅವಕಾಶ ಸಿಕ್ಕಿತು. ಅಂದರೆ ಮೋಸ ಅಲ್ಲೂ ನಿಂತಿಲ್ಲ. ಆದರೆ ಅಲ್ಲಿ ಕಾಲಿಟ್ಟ ಹುಡುಗನಿಗೆ ಮಾನವಿದೆ ಎಂದು ಮೊದಲೇ ಒಪ್ಪಿರುತ್ತಾರೆ. ಕಳಕೊಂಡರೆ ಶಿಕ್ಷೆ.

ನಮಗೆ ಶಿಕ್ಷೆಯೇ ಮೊದಲು. ನಮ್ಮ ಪುರಾಣದ ಸೈನಿಕ ಶಾಲೆ ದ್ರೋಣನದು. ಏಕಲವ್ಯ ಯಾರನ್ನೂ ನಕಲು ಮಾಡಲಿಲ್ಲ, ಕಾಡಿನಲ್ಲಿ ತಾನೇ ಕಲಿತ. ಹೆಬ್ಬೆರಳು ಹೋಯಿತು. ಅದಕ್ಕೆ ಗುರುಭಕ್ತಿ ಎಂದು ಹೆಸರಿಟ್ಟರು.

2019ರ ಅಕ್ಟೋಬರಿನಲ್ಲಿ ಹಾವೇರಿಯ ಭಗತ್ ಪಿಯು ಕಾಲೇಜಿನಲ್ಲಿ ನಕಲು ತಡೆಯಲೆಂದು ಮಕ್ಕಳ ತಲೆಗೆ ರಟ್ಟಿನ ಡಬ್ಬಿ ಹಾಕಿಸಿ ಪರೀಕ್ಷೆ ಬರೆಸಿದರು. ಶಿಕ್ಷಣ ಸಚಿವರು ಖಂಡಿಸಿದರು, ಕಾಲೇಜು ಕ್ಷಮೆ ಕೇಳಿತು. ಆದರೆ ಆ ಮಕ್ಕಳು ಪೆನ್ನು ಹಿಡಿಯುವ ಮೊದಲೇ ಕಳ್ಳರಾಗಿದ್ದರು.

ಇನ್ನು ದೊಡ್ಡವರ ಕತೆ ಕೇಳ್ರಿ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಖಾಲಿ ಬಿಟ್ಟ ಓಎಂಆರ್ ಹಾಳೆಗಳನ್ನು ಆಮೇಲೆ ತುಂಬಿದರೆಂದು ಸಿಐಡಿ ಆರೋಪಿಸಿತು. 2022ರಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧಿತರಾದರು. ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರ ವಯಸ್ಸಿನಲ್ಲೂ ಎರಡು ವರ್ಷ ಕಳೆದುಹೋಯಿತು. ಆಮೇಲೆ ಪರೀಕ್ಷೆಗೆ ತುಂಬುತೋಳಿನ ಅಂಗಿ ಬೇಡ ಎಂದರು. ಆಗಲಿ, ನಾವು ಅರ್ಧ ತೋಳಿನದೇ ತೊಡುತ್ತೇವೆ. ಹಾಳೆ ಇಟ್ಟ ಕೋಣೆಯ ಬೀಗ ಹಿಡಿದವರ ತೋಳು ತಡವಿ ನೋಡುವವರು ಯಾರು?

'ದೊಡ್ಡೋರೇ ಕದ್ದಾಗ ನಾವ್ ಕಾಪಿ ಹೊಡದ್ರ ಏನಾತಲೇ?' ಎನ್ನುವವರು ನಮ್ಮಲ್ಲೂ ಇದ್ದಾರೆ. ನಾವು ಒಪ್ಪುವುದಿಲ್ಲ. ರೊಕ್ಕ ಕೊಟ್ಟು ಖಾಕಿ ತೊಟ್ಟವನು ಆ ರೊಕ್ಕವನ್ನು ಠಾಣೆಗೆ ಬಂದ ನಮ್ಮವ್ವನ ಸೆರಗಿನ ಗಂಟಿನಿಂದಲೇ ಬಿಚ್ಚಿಕೊಳ್ಳುತ್ತಾನೆ. ಅವಳ ದೂರು ಬರೆದುಕೊಳ್ಳುವ ಕೈ ಕದ್ದ ಕೈ ಆಗಬಾರದು.

ಕಂಡೂ ಸುಮ್ಮನಿದ್ದವನು ತಪ್ಪಿತಸ್ಥ ಎಂಬ ಮಾತು ನಮಗೂ ಬೇಕು. ಆದರೆ ಅದು ಹುಡುಗರ ಬೆಂಚಿನಿಂದಲ್ಲ, ಸಾಹೇಬರ ಕುರ್ಚಿಯಿಂದ ಶುರುವಾಗಲಿ. ನಮಗೂ ಮಾನವಿದೆ ಎಂದು ಮೊದಲು ಒಪ್ಪಿಕೊಳ್ಳಿ. ಆಮೇಲೆ ಎಷ್ಟು ಬೇಕಾದರೂ ಪರೀಕ್ಷೆ ಮಾಡಿ.