ಡೀ ನದಿಯ ದಂಡೆಯಲ್ಲಿ: ಹಿಡಿದು ಬಿಟ್ಟ ಮೀನಿನ ಕತೆ

ಮುಂಬಯಿಯ ಮೀನು ಮಾರುಕಟ್ಟೆಯಲ್ಲಿ ರಾವಸ ಮೀನನ್ನು ತೋರಿಸಿ ‘ಇಂಡಿಯನ್ ಸಾಲ್ಮನ್’ ಎನ್ನುವುದನ್ನು ನೀವು ಕೇಳಿರಬಹುದು. ರಾವಸ ರುಚಿಯಾದ ಮೀನೇ ಸರಿ, ಆದರೆ ಅದು ಸಾಲ್ಮನ್ ಅಲ್ಲ. ಅಸಲಿ ಸಾಲ್ಮನ್ ತಣ್ಣೀರಿನ ಮೀನು. ಅದನ್ನು ಅದರ ನದಿಯಲ್ಲಿಯೇ ಕಾಣುವ ಅವಕಾಶ ನನಗೆ ಒದಗಿದ್ದು ಸ್ಕಾಟ್ಲೆಂಡಿನ ಡೀ ನದಿಯ ದಂಡೆಯಲ್ಲಿ.

ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ನನ್ನ ತಂಗಿಯ ಮಗ ಈಗ ಅಬರ್ಡೀನ್ ನಗರದಲ್ಲಿ ಇಂಜಿನಿಯರ್. ಮೇ ತಿಂಗಳ ಒಂದು ಶನಿವಾರ ಅವನು ನನ್ನನ್ನು ಸುಮಾರು 30 ಕಿ.ಮೀ. ದೂರದ ಬ್ಯಾಂಕರಿ ಎಂಬ ಪುಟ್ಟ ಊರಿಗೆ ಕರೆದೊಯ್ದ. ಶನಿವಾರವೇ ಏಕೆಂದರೆ, ಭಾನುವಾರ ಸಾಲ್ಮನ್‌ಗೆ ಗಾಳ ಹಾಕುವುದು ಸ್ಕಾಟ್ಲೆಂಡಿನಲ್ಲಿ ಕಾನೂನಿಗೆ ವಿರುದ್ಧ. ಡೀ ನದಿ ಕೇರ್ನ್‌ಗಾರ್ಮ್ ಪರ್ವತಗಳಲ್ಲಿ ಸುಮಾರು 1200 ಮೀಟರ್ ಎತ್ತರದಲ್ಲಿ ಹುಟ್ಟಿ, ಬಾಲ್ಮೋರಲ್ ಅರಮನೆಯ ಪಕ್ಕದಲ್ಲಿ ಹರಿದು, 140 ಕಿ.ಮೀ. ಕ್ರಮಿಸಿ ಅಬರ್ಡೀನ್‌ನಲ್ಲಿ ಸಮುದ್ರ ಸೇರುತ್ತದೆ. ನಮ್ಮ ಕಾವೇರಿಯ ಮುಂದೆ ಇದು ಚಿಕ್ಕ ಹೊಳೆ. ಆದರೆ ಫೆಬ್ರವರಿ 1ರಿಂದ ಅಕ್ಟೋಬರ್ 15ರ ವರೆಗೆ ಗಾಳಗಾರರು ಹಣ ತೆತ್ತು ಇಲ್ಲಿಗೆ ಬರುತ್ತಾರೆ. ಬಂದು, ಹಿಡಿದ ಸಾಲ್ಮನ್ ಮೀನನ್ನು ಮತ್ತೆ ನೀರಿಗೇ ಬಿಟ್ಟು ಹೋಗುತ್ತಾರೆ!

ಈ ಮೀನಿನ ಬಾಳು ಸ್ವಾರಸ್ಯಕರವಾದುದು. ನದಿಯ ಮೇಲ್ಭಾಗದ ಜಲ್ಲಿಕಲ್ಲುಗಳ ನಡುವೆ ಮೊಟ್ಟೆಯೊಡೆದು ಹೊರಬಂದ ಮರಿ, ಕೆಲವು ವರ್ಷ ಸಿಹಿನೀರಿನಲ್ಲಿ ಬೆಳೆದು, ಬೆಳ್ಳಿಯ ಮೈಬಣ್ಣ ತಾಳಿ ಸಮುದ್ರಕ್ಕೆ ಇಳಿಯುತ್ತದೆ. ಅಲ್ಲಿ ಒಂದೆರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಚೆನ್ನಾಗಿ ತಿಂದು ಕೊಬ್ಬಿ, ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಮರಳುತ್ತದೆ. ನದಿಯ ಸಮೀಪಕ್ಕೆ ಬಂದ ಮೇಲೆ ಅದಕ್ಕೆ ದಾರಿ ತೋರಿಸುವುದು ತವರು ನೀರಿನ ವಾಸನೆ. ಸಿಹಿನೀರು ಹೊಕ್ಕ ಮೇಲೆ ಅದು ಆಹಾರವನ್ನೇ ಬಿಟ್ಟುಬಿಡುತ್ತದೆ. ಚಳಿಗಾಲದ ಹೊಸ್ತಿಲಲ್ಲಿ ಮೊಟ್ಟೆಯಿಡುವ ತನಕ, ಎಷ್ಟೋ ತಿಂಗಳು, ಮೈಯ ಕೊಬ್ಬೇ ಅದರ ಬುತ್ತಿ.

ಹಾಗಾದರೆ ತಿನ್ನದ ಮೀನು ಗಾಳಕ್ಕೆ ಬಾಯಿ ಹಾಕುವುದೇಕೆ? ಗರಿ, ರೋಮಗಳನ್ನು ಕೊಕ್ಕೆಗೆ ಸುತ್ತಿ ಕಟ್ಟಿದ ‘ಫ್ಲೈ’ ಎಂಬ ಹುಸಿ ಕೀಟವನ್ನು ಅದು ಸಿಟ್ಟಿನಿಂದ ಕಚ್ಚುತ್ತದೆ ಎನ್ನುವವರಿದ್ದಾರೆ. ಕಡಲಿನಲ್ಲಿ ಬೇಟೆಯಾಡಿದ ಹಳೆಯ ಅಭ್ಯಾಸ ಎನ್ನುವವರೂ, ಬರೇ ಕುತೂಹಲ ಎನ್ನುವವರೂ ಇದ್ದಾರೆ. ಹಸಿವೆಯಂತೂ ಕಾರಣವಲ್ಲ. ಹಗಲಿನ ಬಹುಪಾಲು ಅದು ಮಡುವಿನಲ್ಲಿ, ಬಂಡೆಯ ಮರೆಯಲ್ಲಿ ಮೂತಿಯನ್ನು ಪ್ರವಾಹಕ್ಕೆ ಎದುರಾಗಿಟ್ಟು ನಿಂತಿರುತ್ತದೆ. ಮಳೆ ಬಂದು ನೀರು ಏರಿದಾಗ, ಕತ್ತಲು ಕವಿಯುವ ಹೊತ್ತಿನಲ್ಲಿ, ಮುಂದಿನ ಮಡುವಿಗೆ ಸಾಗುತ್ತದೆ.

ಅಂದು ನಾವು ನೋಡುತ್ತಿದ್ದಂತೆಯೇ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದ ವೃದ್ಧರೊಬ್ಬರ ಗಾಳಕ್ಕೆ ಮೀನು ಸಿಕ್ಕಿತು. ಅದು ಕೆಳಗೆ ಓಡಿತು, ಎರಡು ಬಾರಿ ಮೇಲಕ್ಕೆ ಜಿಗಿಯಿತು, ಕೊನೆಗೆ ದಣಿದು ದಂಡೆಯ ಕಡೆಗೆ ಬಂತು. ಜೊತೆಗಿದ್ದ ‘ಗಿಲ್ಲಿ’ ಗಂಟಿಲ್ಲದ ಬಲೆಯನ್ನು ಅಡಿಗಿಟ್ಟು ಮೀನನ್ನು ನೀರಿನಲ್ಲೇ ಹಿಡಿದ. ಗಿಲ್ಲಿ ಎಂದರೆ ನದಿಯ ಒಳಗುಟ್ಟೆಲ್ಲ ಬಲ್ಲ, ಗಾಳಗಾರರಿಗೆ ನೆರವಾಗುವ ಸಹಾಯಕ. ಒದ್ದೆ ಕೈಯಿಂದ ಕೊಕ್ಕೆ ಬಿಡಿಸಿ, ಮೀನಿನ ತಲೆಯನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು ಸುಮ್ಮನೆ ನಿಂತ. ಕಿವಿರುಗಳು ನಿಧಾನವಾಗಿ ಆಡತೊಡಗಿದವು. ಎರಡು ನಿಮಿಷ ಕಳೆದಿರಬಹುದು, ಬಾಲ ಒಮ್ಮೆ ಬಡಿದು ಮೀನು ಮಡುವಿನೊಳಗೆ ಮರೆಯಾಯಿತು. ಯಾರೂ ಅದನ್ನು ನೀರಿನಿಂದ ಮೇಲೆತ್ತಲಿಲ್ಲ, ಫೋಟೋಕ್ಕೂ ಎತ್ತಲಿಲ್ಲ.

“ಮಾಮಾ, ತಿನ್ನದಿದ್ದ ಮೇಲೆ ಹಿಡಿಯುವುದಾದರೂ ಯಾಕೆ?” ಎಂದು ನನ್ನ ಅಳಿಯ ಕೇಳಿದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ನನಗೂ ನೆನಪಾಗಿತ್ತು. ನಿಮ್ಮಲ್ಲೂ ಇದೇ ಪ್ರಶ್ನೆ ಎದ್ದಿರಬಹುದು. ಅದಕ್ಕೆ ಉತ್ತರ ಹುಡುಕಬೇಕಾದರೆ ಬಿಟ್ಟ ಮೀನು ಆಮೇಲೆ ಏನಾಯಿತು ಎಂಬುದನ್ನು ಮೊದಲು ತಿಳಿಯಬೇಕು.

ನೀರಿನಲ್ಲಿ ಮೀನಿನ ಹೆಜ್ಜೆ ಹುಡುಕುವುದು ಅಸಾಧ್ಯವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ವಿಜ್ಞಾನಿಗಳು ಅದನ್ನೂ ಸಾಧ್ಯವಾಗಿಸಿದ್ದಾರೆ. ಸ್ಕಾಟ್ಲೆಂಡ್, ನಾರ್ವೆಗಳ ನದಿಗಳಲ್ಲಿ ಹಿಡಿದ ಸಾಲ್ಮನ್‌ಗಳಿಗೆ ಪುಟ್ಟ ರೇಡಿಯೋ ಸಾಧನ ಜೋಡಿಸಿ ಬಿಟ್ಟು, ತಿಂಗಳುಗಟ್ಟಲೆ ಹಿಂಬಾಲಿಸಿದ್ದಾರೆ. ನೀರು ತಣ್ಣಗಿದ್ದು, ಬಿಡುವ ಕೈ ನಾಜೂಕಾಗಿದ್ದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮೀನುಗಳು ಬದುಕುತ್ತವೆ. ಆದರೆ ಏನೂ ಆಗದ ಹಾಗೆ ಅವು ಮುಂದೆ ಸಾಗುವುದಿಲ್ಲ. ಹಲವು ಮೀನುಗಳು ಬಿಟ್ಟ ಜಾಗದಿಂದ ಕೆಳಕ್ಕೆ, ಕೆಲವೊಮ್ಮೆ ಕಿಲೋಮೀಟರುಗಳಷ್ಟು ದೂರ ಹಿಂದೆ ಸರಿಯುತ್ತವೆ. ಯಾವುದೋ ಮಡುವಿನಲ್ಲಿ ದಿನಗಟ್ಟಲೆ ತಂಗಿ, ಸುಧಾರಿಸಿಕೊಂಡು, ಅನಂತರ ಮತ್ತೆ ಪ್ರಯಾಣ ಮುಂದುವರಿಸುತ್ತವೆ. ಗಾಳದ ಸೆಣಸಾಟದಲ್ಲಿ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿರುತ್ತದೆ. ಅದು ಇಳಿಯಲು ಗಂಟೆಗಳೇ ಬೇಕು. ಉಣ್ಣದೆ ಬಂದ ಯಾತ್ರಿಕನ ಬುತ್ತಿಯಿಂದ ನಾವು ಒಂದು ಪಾಲು ಕಸಿದುಕೊಂಡಂತೆ ಇದು.

ನೀರು ಬಿಸಿಯಾದರಂತೂ ಲೆಕ್ಕವೇ ಬದಲಾಗುತ್ತದೆ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನಿನ ದೇಹಕ್ಕೆ ಬೇಕಾಗುವುದು ಹೆಚ್ಚು. 18 ರಿಂದ 20 ಡಿಗ್ರಿ ಸೆಲ್ಸಿಯಸ್ ದಾಟಿದ ನೀರಿನಲ್ಲಿ ಬಿಟ್ಟ ಮೀನು, ಈಜಿಹೋದಂತೆ ಕಂಡರೂ ಆಮೇಲೆ ಸಾಯುವ ಸಂಭವ ಏರುತ್ತದೆ. ಕಿವಿರಿನಲ್ಲಿ ರಕ್ತ ಸುರಿದಿದ್ದರೆ, ಬಹಳ ಹೊತ್ತು ನೀರಿನಿಂದ ಹೊರಗಿಟ್ಟಿದ್ದರೆ ಕೂಡ ಹಾಗೆಯೇ. ಇನ್ನೊಂದು ಕಡೆ, ಕೆನಡಾದ ಕ್ವಿಬೆಕ್ ಪ್ರಾಂತದ ಒಂದು ನದಿಯಲ್ಲಿ ಮರಿಗಳ ವಂಶವಾಹಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ಹಿಡಿದು ಬಿಟ್ಟ ಮೀನುಗಳೂ ಸಂತಾನ ಪಡೆದಿವೆಯೆಂದು ತಿಳಿದುಬಂತು.

ಇಷ್ಟೆಲ್ಲ ಜತನ ಏಕೆ? ಏಕೆಂದರೆ ಸಾಲ್ಮನ್ ಕಡಿಮೆಯಾಗುತ್ತಿದೆ. 1922ರ ಅಕ್ಟೋಬರಿನಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬ ಮಹಿಳೆ ಸ್ಕಾಟ್ಲೆಂಡಿನ ಟೇ ನದಿಯಲ್ಲಿ 64 ಪೌಂಡಿನ, ಎಂದರೆ 29 ಕಿಲೋ ತೂಕದ ಸಾಲ್ಮನ್ ಹಿಡಿದಿದ್ದರು. ಬ್ರಿಟನ್ನಿನ ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಅಂದು ಮೀನನ್ನು ಬಿಡುವ ಮಾತೇ ಇರಲಿಲ್ಲ. 2023ರಲ್ಲಿ ಸ್ಕಾಟ್ಲೆಂಡಿನ ಗಾಳಗಾರರಿಗೆ ಸಿಕ್ಕ ಸಾಲ್ಮನ್ ಸಂಖ್ಯೆ 1952ರಲ್ಲಿ ಲೆಕ್ಕ ಇಡತೊಡಗಿದಂದಿನಿಂದ ಆ ವರೆಗಿನ ಅತಿ ಕಡಿಮೆ. ಅದೇ ವರ್ಷ ಬ್ರಿಟನ್ನಿನ ಸಾಲ್ಮನ್ ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿ ಸೇರಿತು. 2016ರಿಂದ ಅಲ್ಲಿ ನದಿಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿ, ಮೂರನೆಯ ದರ್ಜೆಯ ನದಿಗಳಲ್ಲಿ ಸಾಲ್ಮನ್ ಕೊಲ್ಲುವುದನ್ನು ಪೂರ್ತಿ ನಿಷೇಧಿಸಲಾಗಿದೆ.

ಹಾಗಿದ್ದರೆ ಗಾಳವನ್ನೇ ನಿಲ್ಲಿಸಬಾರದೆ? ಸ್ಕಾಟ್ಲೆಂಡಿನದೇ ರೋಸ್ಲಿನ್ ಸಂಸ್ಥೆಯಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು, ಟ್ರೌಟ್ ಮೀನಿನ ತುಟಿ-ಮೂತಿಯ ಭಾಗದಲ್ಲಿ ಗಾಯವನ್ನು ಗ್ರಹಿಸುವ ನರಗಳಿವೆಯೆಂದು 2003ರಲ್ಲಿ ತೋರಿಸಿದರು. ಅದನ್ನು ನೋವು ಎನ್ನಬೇಕೇ ಎಂಬ ವಾದ ಇನ್ನೂ ಮುಗಿದಿಲ್ಲ. ಸ್ವಿಟ್ಜರ್ಲೆಂಡಿನ ಕಾನೂನು, ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸುತ್ತದೆ. ಆದರೆ ಡೀ ತೀರದಲ್ಲಿ ನದಿ ಕಾಯುವ ಕೆಲಸಕ್ಕೆ ಹಣ ಬಹಳಮಟ್ಟಿಗೆ ಬರುವುದು ಗಾಳದಿಂದಲೇ. ನೀರಿಗೆ ನೆರಳಾಗಲೆಂದು ಮೇಲ್ದಂಡೆಗಳಲ್ಲಿ ಹತ್ತು ಲಕ್ಷ ಮರ ಬೆಳೆಸುವ ಯೋಜನೆಯೂ ಅಲ್ಲಿ ನಡೆದಿದೆ.

ಈ ಮಾತು ನಮಗೆ ದೂರದ್ದಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿ 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕದಲ್ಲಿ, ನಮ್ಮ ಮಹಸೀರ್ ಮೀನನ್ನು ಸಾಲ್ಮನ್‌ಗೆ ಸರಿಗಟ್ಟಿ ಹೊಗಳಿದ್ದ. ಕಾವೇರಿಯ ಗಾಲಿಬೋರೆಯಲ್ಲಿ ಮಹಸೀರ್ ಹಿಡಿದು ಬಿಡುತ್ತಿದ್ದ ಶಿಬಿರದವರು 1998ರಿಂದ 2012ರ ವರೆಗೆ ಪ್ರತಿ ಮೀನಿನ ಲೆಕ್ಕ ಬರೆದಿಟ್ಟಿದ್ದರು. ಲೋನಾವಳದಲ್ಲಿ ಬೆಳೆಸಿ ಕಾವೇರಿಗೆ ತಂದುಬಿಟ್ಟ ಬೇರೊಂದು ಜಾತಿಯ ಮಹಸೀರ್ ಹೆಚ್ಚುತ್ತಾ, ಕಾವೇರಿಯದೇ ಆದ ಗೂನುಬೆನ್ನಿನ ಮಹಸೀರ್ ಕಾಣೆಯಾಗುತ್ತಿದೆ ಎಂಬುದು ಗೊತ್ತಾದದ್ದು ಆ ಪುಸ್ತಕಗಳಿಂದ. ಆ ಮೀನಿನ ಶಾಸ್ತ್ರೀಯ ಹೆಸರು ಖಚಿತವಾಗಿ ನಿರ್ಧಾರವಾದದ್ದು 2018ರಲ್ಲಿ. ಅದೇ ವರ್ಷ ಅದು ಅತ್ಯಂತ ಗಂಭೀರ ಅಪಾಯದಲ್ಲಿರುವ ಜೀವಿಗಳ ಸಾಲಿಗೂ ಸೇರಿತು.

ಅಳಿಯನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟು: ಗಾಳ ಹಾಕುವವನು ನದಿಯನ್ನು ಕಾಯುವವನೂ ಆಗಿದ್ದರೆ ಅವನ ಆಟಕ್ಕೆ ಒಂದು ಅರ್ಥವಿದೆ. ಆದರೆ ‘ಬಿಟ್ಟೆನಲ್ಲ’ ಎಂದು ಕೈ ಒರೆಸಿಕೊಳ್ಳುವಂತಿಲ್ಲ. ಮುಳ್ಳು ತೆಗೆದ ಕೊಕ್ಕೆ, ಒದ್ದೆ ಕೈ, ನೀರಿನೊಳಗಿನ ಬಲೆ ಇವು ಕನಿಷ್ಠ ಮರ್ಯಾದೆ. ನೀರು ಬಿಸಿಯಾದ ದಿನ ಗಾಳವನ್ನು ಮನೆಯಲ್ಲೇ ಬಿಡುವುದು ಅದಕ್ಕಿಂತ ದೊಡ್ಡ ಮರ್ಯಾದೆ. ಅವನು ಒಪ್ಪಿದನೋ ಇಲ್ಲವೋ, “ಆ ಅಜ್ಜನ ಬಳಿ ಥರ್ಮಾಮೀಟರ್ ಇತ್ತು, ನೋಡಿದಿರಾ ಮಾಮಾ?” ಎಂದ.

ನಿಮ್ಮಲ್ಲಿ ಯಾರಾದರೂ ಓದಿಗೋ ಕೆಲಸಕ್ಕೋ ಆ ಕಡೆ ಹೋದರೆ, ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ ಬ್ಯಾಂಕರಿಯ ಫ್ಯೂ ಹೊಳೆಯ ಸೇತುವೆಗೆ ಹೋಗಿ ನಿಲ್ಲಿ. ಮಳೆಯ ಮರುದಿನವಾದರೆ ಇನ್ನೂ ಒಳ್ಳೆಯದು. ಕೆಳಗಿನ ಬಂಡೆಗಳ ಅಬ್ಬಿಯನ್ನು ಸಾಲ್ಮನ್ ಹಾರಿ ಹತ್ತುವುದು ಕಾಣಬಹುದು. ಅದನ್ನು ನೋಡಲು ಗಾಳ ಬೇಡ, ಪರವಾನಗಿ ಬೇಡ, ಒಂದಿಷ್ಟು ತಾಳ್ಮೆ ಸಾಕು.