ಜೋನ್ಸ್ ಕಪ್‌ನ ಗ್ಯಾಲರಿ

1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಬ್ಯಾಸ್ಕೆಟ್‌ಬಾಲ್ ಫೈನಲ್ಲಿನ ಕೊನೆಯ ಮೂರು ಸೆಕೆಂಡು ಮಲ್ಲೇಶ್ವರದ ಅಂಗಳದಲ್ಲಿ ಆಡಿ ಬೆಳೆದ ನಮಗೆಲ್ಲ ಬಾಯಿಪಾಠವಾಗಿತ್ತು. ನಮ್ಮಲ್ಲಿ ಅದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಸಂಜೆ ಆಟ ಮುಗಿದು ಕಾಫಿಗೆ ಕೂತಾಗ ಕೋಚ್ ಮೇಷ್ಟ್ರು ಹರಿಕಥೆ ದಾಸರ ಹಾಗೆ ಅಭಿನಯಿಸಿ ಹೇಳುತ್ತಿದ್ದರು. ಅಮೆರಿಕ 50, ಸೋವಿಯತ್ 49. ಹೂಟರ್ ಆಯಿತು, ಅಮೆರಿಕನ್ನರು ಕುಣಿಯತೊಡಗಿದರು. ಅಷ್ಟರಲ್ಲಿ ಗ್ಯಾಲರಿಯಿಂದ ಒಬ್ಬ ಹಿರಿಯ ಕೆಳಗಿಳಿದು ಬಂದು, ಮೂರು ಬೆರಳೆತ್ತಿ, ಗಡಿಯಾರ ಮೂರು ಸೆಕೆಂಡಿಗೆ ಹಿಂದಕ್ಕೆ ಇಡಿ ಅನ್ನುತ್ತಾನೆ. ಚೆಂಡು ಈ ತುದಿಯಿಂದ ಆ ತುದಿಗೆ ಹಾರುತ್ತದೆ, ಅಲೆಕ್ಸಾಂಡರ್ ಬೆಲೋವ್ ಬುಟ್ಟಿಗೆ ಹಾಕುತ್ತಾನೆ, 51–50. ಅಮೆರಿಕದ ಹುಡುಗರು ಆ ಬೆಳ್ಳಿ ಪದಕಗಳನ್ನು ಇವತ್ತಿನವರೆಗೂ ಮುಟ್ಟಿಲ್ಲ. ಕೆಳಗಿಳಿದು ಬಂದವರು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ಪ್ರಧಾನ ಕಾರ್ಯದರ್ಶಿ ರೆನಾಟೊ ವಿಲಿಯಂ ಜೋನ್ಸ್. ಮೇಷ್ಟ್ರ ಕಥೆಯಲ್ಲಿ ಅವರು ಅಪ್ಪಟ ಖಳನಾಯಕ.

2003ರ ಕೊನೆಗೆ ಕೆಲಸದ ಮೇಲೆ ತೈವಾನಿನ ಶಿನ್‌ಚು ಊರಿಗೆ ಬಂದೆ. ಚಿಪ್ ಕಾರ್ಖಾನೆಗಳ ಊರು ಅದು. ಆ ಬೇಸಿಗೆಯಲ್ಲಿ ಸಾರ್ಸ್ ಕಾಯಿಲೆಯ ಭಯಕ್ಕೆ ಏನೇನೋ ರದ್ದಾಗಿದ್ದವು, ಅದರಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ. ಮರುವರ್ಷ ಮತ್ತೆ ನಡೆದಾಗ ಅದರ ಹೆಸರು ಕೇಳಿ ಬೆಚ್ಚಿದೆ: ವಿಲಿಯಂ ಜೋನ್ಸ್ ಕಪ್. ನಮ್ಮ ಖಳನಾಯಕನ ಹೆಸರಿನಲ್ಲಿ ಇಲ್ಲಿ ವರ್ಷಾವರ್ಷ ಉತ್ಸವ! ನಮ್ಮ ಮನೆ ಓನರ್ ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ ಇಟ್ಟುಕೊಂಡಿದ್ದವರು. ಮ್ಯೂನಿಕ್ ವಿಷಯ ಎತ್ತಿದರೆ ಕೈ ಬೀಸಿ ತಳ್ಳಿಹಾಕಿದರು. ‘ಅಮೆರಿಕ ಮೂರು ಸೆಕೆಂಡು ಕಳಕೊಂಡರೆ ನಮಗೇನು? ನಮ್ಮನ್ನು ಯಾರೂ ಆಟಕ್ಕೇ ಸೇರಿಸಿಕೊಳ್ಳದ ಕಾಲ ಅದು’ ಅಂದರು.

ಅವರ ಆ ಮಾತು ಅರ್ಥವಾಗಲು ನನಗೆ ಸ್ವಲ್ಪ ಇತಿಹಾಸ ಓದಬೇಕಾಯಿತು. 1971ರಲ್ಲಿ ವಿಶ್ವಸಂಸ್ಥೆಯಲ್ಲಿ ತೈಪೆಯ ಕೈಲಿದ್ದ ಚೀನಾದ ಕುರ್ಚಿ ಬೀಜಿಂಗ್ ಪಾಲಾಯಿತು. 1976ರಲ್ಲಿ ‘ಚೀನಾ ಗಣರಾಜ್ಯ’ ಎಂಬ ತಮ್ಮ ಅಧಿಕೃತ ಹೆಸರಿನಲ್ಲಿ ಬರಬೇಡಿ ಎಂದು ಕೆನಡಾ ಹೇಳಿದ್ದಕ್ಕೆ ತೈವಾನ್ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಹೊರಗುಳಿಯಿತು. ಫಿಬಾದಲ್ಲೂ ಬೀಜಿಂಗ್ ಒಳಗೆ ಬಂದು, ತೈಪೆ ಹೊರಗೆ ನಿಂತಿತ್ತು. 1979ರ ಜನವರಿ 1ರಂದು ಅಮೆರಿಕವೂ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ಈ ನಡುವೆ, 1977ರಲ್ಲಿ, ತೈಪೆಯವರು ಒಂದು ಆಮಂತ್ರಣ ಪಂದ್ಯಾವಳಿ ಶುರುಮಾಡಿದರು. ಗಂಡಸರದ್ದೂ ಉಂಟು, ಹೆಂಗಸರದ್ದೂ ಉಂಟು. ಆಮಂತ್ರಣ ಪಂದ್ಯಾವಳಿಗೆ ಯಾರ ಶಿಫಾರಸೂ ಬೇಡ, ರ‍್ಯಾಂಕಿಂಗೂ ಬೇಡ. ಕರೆಯುವವರು ಕರೆಯುತ್ತಾರೆ, ಮನಸ್ಸಿದ್ದವರು ಬರುತ್ತಾರೆ. ಇನ್ನು ಹೆಸರು. ಜೋನ್ಸ್ ರೋಮಿನಲ್ಲಿ ಹುಟ್ಟಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಓದಿ, 1932ರಲ್ಲಿ ಜಿನೀವಾದಲ್ಲಿ ಫಿಬಾ ಕಟ್ಟಿದವರಲ್ಲಿ ಒಬ್ಬರು. 1976ರವರೆಗೆ ಅದರ ಪ್ರಧಾನ ಕಾರ್ಯದರ್ಶಿ. ಬ್ಯಾಸ್ಕೆಟ್‌ಬಾಲ್ 1936ರ ಬರ್ಲಿನ್ ಒಲಿಂಪಿಕ್ಸ್ ಸೇರಿದ್ದು ಅವರ ಕಾಲದಲ್ಲೇ. ಅವರು ನಿವೃತ್ತರಾದ ಮರುವರ್ಷವೇ, ಇನ್ನೂ ಬದುಕಿದ್ದಾಗಲೇ, ಅವರ ಹೆಸರು ಈ ಕಪ್ಪಿಗೆ ಬಂತು. ಸಂಸ್ಥೆ ಬಾಗಿಲು ಮುಚ್ಚಿದರೆ ಸಂಸ್ಥಾಪಕನ ಹೆಸರನ್ನೇ ನಮ್ಮ ಬಾಗಿಲ ಮೇಲೆ ಬರೆಯೋಣ ಎಂದುಕೊಂಡರೋ ಏನೋ. ಹಾಗಿದ್ದರೆ ಬಹಳ ಜಾಣ ಲೆಕ್ಕಾಚಾರ.

ಓನರ್ ಹೇಳುವ ಎಂಬತ್ತರ ದಶಕದ ಕಥೆಗಳಿಗೆ ಕೊನೆಯೇ ಇಲ್ಲ. ಇಡೀ ದ್ವೀಪಕ್ಕೆ ಇದ್ದದ್ದು ಮೂರೇ ಟಿವಿ ವಾಹಿನಿ. ಜೋನ್ಸ್ ಕಪ್ ಹೊತ್ತಿಗೆ ಅಂಗಡಿಯವರು ಟಿವಿಯನ್ನು ಬೀದಿಗೆ ಮುಖಮಾಡಿ ಇಡುತ್ತಿದ್ದರಂತೆ. ಜನ ಸುಮ್ಮಸುಮ್ಮನೆ ವಿದೇಶ ಪ್ರವಾಸ ಹೋಗಲು ಸರ್ಕಾರ ಅನುಮತಿ ಕೊಟ್ಟದ್ದೇ 1979ರಲ್ಲಿ. ಸೇನಾ ಶಾಸನ ತೆಗೆದದ್ದು 1987ರಲ್ಲಿ. ಹೊರಗಿನವರನ್ನು ಹತ್ತಿರದಿಂದ ಕಾಣುವುದೇ ಅಪರೂಪವಾಗಿದ್ದ ಆ ದಿನಗಳಲ್ಲಿ ಅಮೆರಿಕದ, ಯುರೋಪಿನ ಎತ್ತರದ ಆಟಗಾರರು ತೈಪೆಯ ನಾನ್‌ಜಿಂಗ್ ಪೂರ್ವ ರಸ್ತೆಯ ಚುಂಗ್‌ಹ್ವಾ ಕ್ರೀಡಾಂಗಣಕ್ಕೆ ಬಂದಿಳಿಯುತ್ತಿದ್ದರು. ಹೈಸ್ಕೂಲ್ ಹುಡುಗಿಯರು ಹೋಟೆಲ್ ಬಾಗಿಲಲ್ಲಿ ಹಸ್ತಾಕ್ಷರಕ್ಕೆ ಕಾಯುತ್ತಿದ್ದರು. ಓನರ್ ಮಾತ್ರ ಹೆಂಗಸರ ಪಂದ್ಯಗಳ ಭಕ್ತರು. ದಕ್ಷಿಣ ಕೊರಿಯದ ಹೆಂಗಸರ ತಂಡ ಬಂದರೆ ಊಟ ಬಿಟ್ಟು ಕೂರುತ್ತಿದ್ದೆ ಎನ್ನುತ್ತಾರೆ. ಗೆಲ್ಲಲೆಂದೋ ಸೋಲಲೆಂದೋ ಎಂದು ಕೇಳಿದರೆ ನಗುತ್ತಾರೆ.

ಆ ಕ್ರೀಡಾಂಗಣ 1988ರ ನವೆಂಬರ್ 20ರಂದು ಸುಟ್ಟುಹೋಯಿತು. ಆಟದ ದಿನವಲ್ಲ, ಯಾವುದೋ ಸಮಾರಂಭದಲ್ಲಿ ಹಾರಿಸಿದ ಪಟಾಕಿಯ ಕಿಡಿ ಛಾವಣಿಗೆ ತಾಗಿತು. 1989ರಲ್ಲಿ ಜೋನ್ಸ್ ಕಪ್ ನಡೆಯಲಿಲ್ಲ. ರಾಜಧಾನಿಗೆ ತಕ್ಕ ದೊಡ್ಡ ಒಳಾಂಗಣ ಬರಲು, ಅಂದರೆ ಅಲ್ಲೇ ಹತ್ತಿರದಲ್ಲಿ ತೈಪೆ ಅರೀನಾ ತೆರೆಯಲು, 2005ರ ಕೊನೆಯವರೆಗೆ ಕಾಯಬೇಕಾಯಿತು. ಅದಾದ ಮೇಲೂ ಅಲ್ಲಿ ಹೆಚ್ಚು ಮಿಂಚಿದ್ದು ಗಾಯಕರ ಕಛೇರಿಗಳೇ.

ನಾನು ನೋಡಲು ಶುರುಮಾಡಿದ್ದು ಈ ವೈಭವದ ಬಾಲವನ್ನು. ತೈಪೆಯಾಚೆಯ ಶಿನ್‌ಜ್ವಾಂಗ್ ಒಳಾಂಗಣಕ್ಕೆ ಆಗ ಮೆಟ್ರೊ ಇರಲಿಲ್ಲ, ಬಸ್ಸು ಬದಲಾಯಿಸಿ ಹೋಗಬೇಕು. ಮಧ್ಯಾಹ್ನ ಒಂದು ಗಂಟೆಯಿಂದ ರಾತ್ರಿಯವರೆಗೆ ಒಂದರ ಹಿಂದೊಂದು ಪಂದ್ಯ, ಒಂದೇ ಟಿಕೆಟ್. ಹೊರಗೆ ಜುಲೈನ ಬೆವರು ಸುರಿಸುವ ಸೆಕೆ, ಒಳಗೆ ಸ್ವೆಟರ್ ಬೇಕೆನಿಸುವ ಏಸಿ. ಆತಿಥೇಯರ ಪಂದ್ಯ ಏಳು ಗಂಟೆಗೆ. ಅಲ್ಲಿವರೆಗೆ ಗ್ಯಾಲರಿಯಲ್ಲಿ ನಾನು, ಕೆಲವು ಶಾಲಾ ಮಕ್ಕಳು, ಪತ್ರಕರ್ತರು, ಮತ್ತು ಇನ್ನೊಂದು ತಂಡದ ಆಟವನ್ನು ವಿಡಿಯೊ ಹಿಡಿಯುತ್ತಿದ್ದ ಸಹಾಯಕ ಕೋಚ್‌ಗಳು. ಆ ವಿಡಿಯೊಗಳಲ್ಲೇ ಪಂದ್ಯಾವಳಿಯ ಹೊಸ ಅರ್ಥ ಇತ್ತು. ಏಷ್ಯಾ ಚಾಂಪಿಯನ್‌ಷಿಪ್ ಆಗ ಎರಡು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಮೊದಲು ಒಂದು ವಾರ ಪ್ರತಿದಿನ ಬೇರೆ ಬೇರೆ ಶೈಲಿಯ ಎದುರಾಳಿ ಸಿಗುವ ಜಾಗ ಇದೊಂದೇ. ಇರಾನ್, ಜೋರ್ಡಾನ್, ಲೆಬನಾನ್, ಕೊರಿಯ, ಜಪಾನ್ ಎಲ್ಲರೂ ಕತ್ತಿ ಮಸೆಯಲು ಬರುತ್ತಿದ್ದರು. ಇರಾನ್ ಹಲವು ಸಲ ಕಪ್ ಎತ್ತಿಕೊಂಡು ಹೋಯಿತು. 7 ಅಡಿ ದಾಟಿದ ಹಮೇದ್ ಹದ್ದಾದಿ ಬುಟ್ಟಿಯ ಕೆಳಗೆ ನಿಂತು, ನೋಡದೆಯೇ ಹಿಂದಕ್ಕೆ ಕೊಡುತ್ತಿದ್ದ ಪಾಸ್ ಕಲಿಯಬೇಕಾದದ್ದು. ಇಷ್ಟು ದೊಡ್ಡ ದೇಹದಲ್ಲಿ ಇಷ್ಟು ನಯ ಎಲ್ಲಿ ಅಡಗಿತ್ತೋ.

ಭಾನುವಾರಗಳ ಲೆಕ್ಕವೇ ಬೇರೆ. ಅವತ್ತು ಫಿಲಿಪ್ಪೀನ್ಸ್ ಪಂದ್ಯವಿದ್ದರೆ ಬೆಳಿಗ್ಗೆಯಿಂದಲೇ ಗೇಟಿನ ಮುಂದೆ ಸಾಲು. ತೈವಾನಿನ ಕಾರ್ಖಾನೆಗಳಲ್ಲಿ, ಮನೆಗೆಲಸಗಳಲ್ಲಿ ಫಿಲಿಪ್ಪೀನ್ಸ್‌ನವರು ಈಗ ಒಂದೂವರೆ ಲಕ್ಷದಷ್ಟಿದ್ದಾರೆ. ತಾವ್‌ಯುವಾನ್, ಶಿನ್‌ಚು, ತೈಚುಂಗ್‌ನಿಂದ ಬಸ್ಸು ಮಾಡಿಕೊಂಡು ಬರುತ್ತಿದ್ದರು. ಡಬ್ಬಿಯಲ್ಲಿ ಅನ್ನ, ಹುರಿದ ಹಂದಿಮಾಂಸ, ಚೀಲದಲ್ಲಿ ಬಾವುಟ, ತಟ್ಟಲು ನೀರಿನ ಕ್ಯಾನು. ನಮ್ಮ ಕಾರ್ಖಾನೆಯ ಲೈನಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ನನ್ನನ್ನು ‘ಕುಯಾ’, ಅಂದರೆ ಅಣ್ಣ, ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ವಾರವಿಡೀ ಮುಖಕ್ಕೆ ಮಾಸ್ಕು ಹಾಕಿ ಸದ್ದಿಲ್ಲದೆ ದುಡಿಯುವ ಹುಡುಗ ಅಲ್ಲಿ ರೆಫ್ರಿಗೆ ಬೈಯುವುದನ್ನು ನೋಡಬೇಕಿತ್ತು.

ಫಿಲಿಪ್ಪೀನ್ಸ್‌ಗೆ ಈ ಕಪ್ ಹಳೆಯ ನೆಂಟು. 1981ರಲ್ಲಿ, 1985ರಲ್ಲಿ ರಾನ್ ಜೇಕಬ್ಸ್ ಎಂಬ ಅಮೆರಿಕನ್ ಕೋಚ್ ಕೈಕೆಳಗೆ ಗೆದ್ದಿದ್ದರು, 1998ರಲ್ಲಿ ಮತ್ತೆ. 2012ರ ಆಗಸ್ಟ್ 26, ಭಾನುವಾರ, ಅಮೆರಿಕದ ತಂಡದ ವಿರುದ್ಧದ ಕೊನೆಯ ಪಂದ್ಯಕ್ಕೆ ನಾನೂ ಹೋಗಿದ್ದೆ. ಎಲ್.ಎ. ಟೆನೊರಿಯೊ ಎಂಬ ಕುಳ್ಳ ಪಾಯಿಂಟ್ ಗಾರ್ಡ್ ಎತ್ತರದವರ ಕಂಕುಳಡಿ ನುಸುಳಿ ನುಸುಳಿ ಅಂಕ ತಂದ. 76–75. ಹೂಟರ್ ಆದಮೇಲೆ ಯಾರೂ ಕೂತಿರಲಿಲ್ಲ. ನನ್ನ ಹಿಂದೆ ಒಬ್ಬ ಹೆಂಗಸು ಮನಿಲಾಕ್ಕೆ ಫೋನು ಹಚ್ಚಿ, ಮಾತಾಡದೆ, ಆ ಗದ್ದಲವನ್ನೇ ಕೇಳಿಸುತ್ತಿದ್ದಳು.

ಮರುವರ್ಷ ಅದೇ ಜನಕ್ಕೆ ಕರೆ ಇಲ್ಲ. 2013ರ ಮೇ 9ರಂದು ಫಿಲಿಪ್ಪೀನ್ಸ್‌ನ ಕರಾವಳಿ ಕಾವಲು ಪಡೆ ತೈವಾನಿನ ‘ಗ್ವಾಂಗ್ ದಾ ಶಿಂಗ್ 28’ ಎಂಬ ಮೀನುಗಾರಿಕೆ ದೋಣಿಯ ಮೇಲೆ ಗುಂಡು ಹಾರಿಸಿತು, ಮುದುಕ ಮೀನುಗಾರರೊಬ್ಬರು ಸತ್ತರು. ಇಲ್ಲಿ ಜನ ಸಿಡಿದೆದ್ದರು. ಸರ್ಕಾರ ಫಿಲಿಪ್ಪೀನ್ಸ್‌ನಿಂದ ಹೊಸದಾಗಿ ಕೆಲಸಗಾರರನ್ನು ತರುವುದನ್ನೇ ನಿಲ್ಲಿಸಿತು. ಜೋನ್ಸ್ ಕಪ್ಪಿಗೆ ಕೊಟ್ಟಿದ್ದ ಆಮಂತ್ರಣವೂ ವಾಪಸಾಯಿತು. ನಮ್ಮ ಲೈನಿನ ಹುಡುಗರು ಆ ತಿಂಗಳುಗಳಲ್ಲಿ ಸಂಜೆ ಹೊತ್ತು ಡಾರ್ಮಿಟರಿ ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಅಂಗಡಿಯಲ್ಲಿ ಏನಾದರೂ ಬೇಕಿದ್ದರೆ ನನ್ನ ಕೈಲಿ ತರಿಸುತ್ತಿದ್ದರು. ತಾನು ಹೊರಗೆ ನಿಂತ ನೋವಿನಿಂದ ಹುಟ್ಟಿಸಿದ ಪಂದ್ಯಾವಳಿಯಿಂದ ಇನ್ನೊಬ್ಬರನ್ನು ಹೊರಗಿಡುವುದು ನನಗೆ ಸರಿಬರಲಿಲ್ಲ. ಓನರ್ ಜತೆ ಈ ವಿಷಯಕ್ಕೆ ಜಗಳವೇ ಆಯಿತು. ಸತ್ತವರು ನಮ್ಮವರು, ನಿಮಗೆ ಹೇಳುವುದು ಸುಲಭ ಎಂದರು. ಅದೂ ಸುಳ್ಳಲ್ಲ.

ಆಗಸ್ಟಿನಲ್ಲಿ ಏಷ್ಯಾ ಚಾಂಪಿಯನ್‌ಷಿಪ್ ನಡೆದದ್ದು ಮನಿಲಾದಲ್ಲಿ. ತೈವಾನ್ ಅಲ್ಲಿ ಫಿಲಿಪ್ಪೀನ್ಸನ್ನು 84–79ರಿಂದ ಸೋಲಿಸಿತು, ಆರು ದಿನ ಬಿಟ್ಟು ಚೀನಾವನ್ನು 96–78ರಿಂದ ಬಡಿಯಿತು. ಚೀನಾ ಸೋತ ರಾತ್ರಿ ಓನರ್ ಬೀದಿಯವರಿಗೆಲ್ಲ ಬಿಯರ್ ಕೊಡಿಸಿದರು. ನಮ್ಮ ಲೈನಿನ ಹುಡುಗರನ್ನೂ ಕೂಗಿ ಕರೆದರು. ಅದೇ ವಾರ ಮನಿಲಾ ಕ್ಷಮೆ ಕೇಳಿ, ನಿರ್ಬಂಧವೂ ತೆರವಾಗಿತ್ತು.

ಭಾರತದ ಗಂಡಸರ ತಂಡ ಜೋನ್ಸ್ ಕಪ್ಪಿಗೆ ಬಂದದ್ದನ್ನು 2016ರಲ್ಲಿ, 2017ರಲ್ಲಿ ನೋಡಿದೆ. ವಿಶೇಷ್ ಭೃಗುವಂಶಿ, ಅಮ್ಜ್ಯೋತ್ ಸಿಂಗ್, ಅಮೃತ್‌ಪಾಲ್ ಸಿಂಗ್ ಅವರ ತಲೆಮಾರಿಗೆ 2014ರಲ್ಲಿ ವೂಹಾನ್‌ನಲ್ಲಿ ಚೀನಾವನ್ನು 65–58ರಿಂದ ಮಣಿಸಿದ ಹೆಸರಿತ್ತು. ಇಲ್ಲಿ ಗ್ಯಾಲರಿಯಲ್ಲಿ ನಾವು ಭಾರತೀಯರು ಎಷ್ಟು ವಿರಳವಾಗಿದ್ದೆವೆಂದರೆ, ನಾನು ‘ಹಾಕೋ!’ ಎಂದು ಕೂಗಿದ್ದು ಕೋರ್ಟಿನ ಆ ತುದಿಗೂ ಕೇಳಿಸಿರಬೇಕು. 2017ರಲ್ಲಂತೂ ಸೋಲುಗಳದ್ದೇ ಕಾರುಬಾರು. ಮೂರು ಕ್ವಾರ್ಟರ್ ಸಮಸಮ ಓಡಿದರೂ ದಿನಾ ಆಡುವ ಉಸಿರು ನಮ್ಮವರಿಗಿಲ್ಲ. ದೇಶದಲ್ಲಿ ನೆಟ್ಟಗೆ ಒಂದು ಲೀಗ್ ಇಲ್ಲದಿದ್ದರೆ ಉಸಿರು ಎಲ್ಲಿಂದ ಬರಬೇಕು? ಅದೇ ಜುಲೈ ಕೊನೆಗೆ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಮಹಿಳಾ ಏಷ್ಯಾ ಕಪ್. ಬಿ ವಿಭಾಗದ ಫೈನಲ್ಲಿನಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಸೋಲಿಸಿತು. ತಂಗಿ ಮಗಳು ಗ್ಯಾಲರಿಯಿಂದಲೇ ಫೋನು ಮಾಡಿದಳು: ‘ಮಾಮ, ನೀನು ಅಲ್ಲಿ ಸೋಲೋದನ್ನ ನೋಡ್ಕೊಂಡು ಕೂತಿರು, ಇಲ್ಲಿ ಹುಡುಗೀರು ಗೆದ್ದೇಬಿಟ್ರು!’

2017ರ ಆಚೆಗೆ ಕಪ್ಪಿನ ಮೈಕಟ್ಟೇ ಬದಲಾಯಿತು. ಫಿಬಾ ವಿಶ್ವಕಪ್ ಅರ್ಹತೆಗೆ ತವರು–ತವರಾಚೆ ಪಂದ್ಯಗಳ ಹೊಸ ಪದ್ಧತಿ ತಂದಿತು. ಏಷ್ಯಾ ಚಾಂಪಿಯನ್‌ಷಿಪ್ ಏಷ್ಯಾ ಕಪ್ ಆಗಿ, ನಾಲ್ಕು ವರ್ಷಕ್ಕೊಮ್ಮೆ ಎಂದಾಯಿತು. ಕತ್ತಿ ಮಸೆಯುವ ಜುಲೈ ಯಾರಿಗೂ ಬೇಕಿಲ್ಲ. ಒಳ್ಳೆಯ ಹುಡುಗರು ಆ ತಿಂಗಳು ಲಾಸ್ ವೇಗಸ್‌ನ ಎನ್‌ಬಿಎ ಸಮ್ಮರ್ ಲೀಗ್ ಕಡೆ ನೋಡುತ್ತಾರೆ. ಹಾಗಾಗಿ ರಾಷ್ಟ್ರೀಯ ತಂಡಗಳ ಜಾಗಕ್ಕೆ ಕ್ಲಬ್ಬುಗಳು, ಕಾಲೇಜುಗಳು ಬಂದವು. ಫಿಲಿಪ್ಪೀನ್ಸ್ ಹೆಸರಿನಲ್ಲಿ 2016ರಲ್ಲಿ, 2019ರಲ್ಲಿ ಗೆದ್ದದ್ದು ಮೈಟಿ ಸ್ಪೋರ್ಟ್ಸ್ ಎಂಬ ಖಾಸಗಿ ತಂಡ, ಅಮೆರಿಕದಿಂದ ಸಂಬಳಕ್ಕೆ ತಂದ ಆಟಗಾರರ ಬಲದಿಂದ. ಕೊರೊನಾದ ಮೂರು ವರ್ಷ ಬಿಟ್ಟು 2023ರಲ್ಲಿ ಮತ್ತೆ ಶುರುವಾದಾಗ ಅಮೆರಿಕದ ಪರವಾಗಿ ಬಂದು ಕಪ್ ಗೆದ್ದದ್ದು ಅರ್ವೈನ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಹುಡುಗರು. ತೈವಾನಿನ ಯುವಕರಿಗೂ ಈಗ ತಮ್ಮದೇ ಲೀಗುಗಳಿವೆ. ಎನ್‌ಬಿಎಯಲ್ಲಿ ಆಡಿದ್ದ ಜೆರೆಮಿ ಲಿನ್ ಬಂದು ಆಡಿದ ನ್ಯೂ ತೈಪೆ ಕಿಂಗ್ಸ್ ತಂಡಕ್ಕೆ ಶಿನ್‌ಜ್ವಾಂಗ್ ಒಳಾಂಗಣವೇ ತವರು. ನಾನು ಒಬ್ಬನೇ ಕೂತಿರುತ್ತಿದ್ದ ಸೀಟುಗಳಿಗೆ ಲೀಗ್ ದಿನಗಳಲ್ಲಿ ಟಿಕೆಟ್ ಸಿಗುವುದಿಲ್ಲ. ಆಟದ ಮಟ್ಟ ಇಳಿಯಿತು ಎಂದು ಹಳಬರು ಗೊಣಗುತ್ತಾರೆ. ಜೋನ್ಸ್ ಕಪ್ ಮಟ್ಟಿಗೆ ನಿಜ. ಆದರೆ ಕಪ್ ನಿಂತಿಲ್ಲ, ಮತ್ತು ಅದು ನಿಲ್ಲದಿರುವುದಕ್ಕೆ ಭಾನುವಾರದ ಗ್ಯಾಲರಿಯ ಪಾಲು ದೊಡ್ಡದು ಎಂದು ನನ್ನ ಲೆಕ್ಕ. ಟಿಕೆಟ್ ಕೊಳ್ಳುವವರು ಯಾರೆಂದು ಸಂಘಟಕರಿಗೆ ಗೊತ್ತು.

2024ರದ್ದು 43ನೆಯ ಕಪ್. ಜುಲೈ 21, ಭಾನುವಾರ, ಶಿನ್‌ಜ್ವಾಂಗ್. ಈಗ ಮೆಟ್ರೊ ಇದೆ. ಮೊಣಕಾಲು ನೋವಿನ ಓನರ್‌ರನ್ನು ಕರೆದುಕೊಂಡು ಹೋದೆ. ಫಿಲಿಪ್ಪೀನ್ಸ್‌ನ ಸ್ಟ್ರಾಂಗ್ ಗ್ರೂಪ್ ಎಂಬ ಇನ್ನೊಂದು ಖಾಸಗಿ ತಂಡ ಎಲ್ಲ ಪಂದ್ಯ ಗೆದ್ದು ಬಂದಿತ್ತು. ಕೊನೆಯ ಎದುರಾಳಿ ತೈವಾನಿನ ಎ ತಂಡ. ಆತಿಥೇಯರನ್ನು ಹುರಿದುಂಬಿಸುವ ‘ಜ್ಯಾಯೋ’ ಕೂಗಿಗೂ ಆ ಕಡೆಯವರ ಕ್ಯಾನು ಬಡಿತಕ್ಕೂ ಸರಿಸಮ. ಪಂದ್ಯ ಓವರ್‌ಟೈಮಿಗೆ ಹೋಯಿತು. ಓವರ್‌ಟೈಮ್ ಎಂದೊಡನೆ ನಮ್ಮ ಮುಂದಿನ ಸಾಲಿನ ಹುಡುಗರು ಮೊಬೈಲ್ ತೆಗೆದು ಗಂಟೆ ನೋಡತೊಡಗಿದರು. ಕಾರ್ಖಾನೆಯ ಡಾರ್ಮಿಟರಿಗಳಿಗೆ ರಾತ್ರಿ ಬಾಗಿಲು ಹಾಕುವ ಹೊತ್ತು ಎಂದೊಂದಿರುತ್ತದೆ. ಓನರ್‌ಗೆ ಅದು ಚೆನ್ನಾಗಿ ಗೊತ್ತು, ಅವರ ಕಾರ್ಖಾನೆಯಲ್ಲೂ ಅದೇ ನಿಯಮ. ಫಿಲಿಪ್ಪೀನ್ಸ್ ಗೆದ್ದಿತು. ಎಂಟಕ್ಕೆ ಎಂಟು. ‘ಅದು ದೇಶವಲ್ಲ, ಕಂಪನಿ. ಬಾಡಿಗೆ ಅಮೆರಿಕನ್ನರು’ ಎಂದು ಓನರ್ ರೇಗುತ್ತಿದ್ದರೂ, ಪಕ್ಕದ ಹುಡುಗ ಮೊಬೈಲ್ ಕೈಗಿಟ್ಟು ಗುಂಪಿನ ಫೋಟೊ ತೆಗೆಯಿರಿ ಎಂದಾಗ ಎದ್ದು ನಿಂತರು. ಕಾರ್ಖಾನೆಯಲ್ಲಿ ಕಲಿತ ತಗಾಲೊಗ್‌ನಲ್ಲಿ ‘ಇಸಾ, ದಲವಾ, ತತ್ಲೊ’ ಎಂದು ಎಣಿಸಿ ಕ್ಲಿಕ್ಕಿಸಿದರು. ಒಂದು ಸಾಲದೆಂದು ಇನ್ನೊಂದು, ಅಡ್ಡಕ್ಕೆ ಹಿಡಿದು ಮತ್ತೊಂದು. ಫೋಟೊ ಸಿಕ್ಕಿದ್ದೇ ತಡ ಹುಡುಗರು ಬಹುಮಾನ ವಿತರಣೆಗೂ ನಿಲ್ಲದೆ ಮೆಟ್ರೊ ಕಡೆ ಓಡಿದರು. ಓನರ್ ಮಾತ್ರ ಸೀಟು ಬಿಡಲಿಲ್ಲ. ಕೊನೆಯ ಐದು ನಿಮಿಷದಲ್ಲಿ ತೈವಾನಿನ ಕೋಚ್ ಯಾರನ್ನು ಇಳಿಸಬೇಕಿತ್ತು ಎಂದು ನನಗೆ ವಿವರಿಸುವುದಿತ್ತು.